ಶಾಂತ ಕುದುರೆ, ಸೋತ ಕುದುರೆ

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಬಯಲು ಹುಲ್ಲುಗಾವಲಿನಲ್ಲಿ ಅದರ ಕುಲವನ್ನು ಉಳಿಸಿದ್ದು ಕೊಂಬಲ್ಲ, ಕೋರೆಯಲ್ಲ. ಅನುಮಾನ ಮತ್ತು ಓಟ. ತಲೆಯ ಎರಡು ಪಕ್ಕಗಳಲ್ಲಿರುವ ದೊಡ್ಡ ಕಣ್ಣುಗಳು ಸುಮಾರು 350 ಡಿಗ್ರಿಯಷ್ಟು ಸುತ್ತನ್ನು ಒಮ್ಮೆಗೇ ಕಾಣುತ್ತವೆ. ಅದರ ನೋಟಕ್ಕೆ ಸಿಗದೆ ಉಳಿಯುವುದು ಹಣೆಯ ನೇರ ಮುಂದಿನ ಹಾಗೂ ಮೂತಿಯ ಕೆಳಗಿನ ಒಂದಿಷ್ಟು ಜಾಗ ಮತ್ತು ಬಾಲದ ಹಿಂದಿನ ಕಿರಿದಾದ ಪಟ್ಟಿ ಮಾತ್ರ. ಕಿವಿಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಎಂಬಂತೆ ಬೇರೆ ಬೇರೆಯಾಗಿ ತಿರುಗುತ್ತವೆ. ನೊಣ ಕೂತ ಜಾಗದ ಚರ್ಮವನ್ನಷ್ಟೇ ಅದುರಿಸಬಲ್ಲಷ್ಟು ಸೂಕ್ಷ್ಮ ಅದರ ಮೈ. ಇಂಥ ಪ್ರಾಣಿ ತನ್ನ ಬೆನ್ನ ಮೇಲೆ, ಅಂದರೆ ಹುಲಿ ಸಿಂಹಗಳು ಎರಗುವ ಜಾಗದಲ್ಲೇ, ಮನುಷ್ಯನನ್ನು ಕೂರಿಸಿಕೊಂಡು ನಡೆಯುತ್ತದೆ. ಅದು ಹಾಗೆ ನಡೆಯುವುದು ನಂಬಿದ್ದರಿಂದಲೋ, ಬೇರೆ ದಾರಿ ಇಲ್ಲವೆಂದು ಕಲಿತದ್ದರಿಂದಲೋ ಎಂಬುದು ಕುದುರೆ ಸಾಕುವವರೆಲ್ಲರೂ ಎದುರಿಸಬೇಕಾದ ಪ್ರಶ್ನೆ.

ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ರೀತಿ ಕಾಣುತ್ತವೆ. ಮದುವೆ ಮೆರವಣಿಗೆಯ ಬ್ಯಾಂಡು, ಪಟಾಕಿಗಳ ನಡುವೆ ಕದಲದೆ ನಿಂತ ಕುದುರೆಯನ್ನು ಜನ ಸಾಧು ಎನ್ನುತ್ತಾರೆ. ಅದು ನಿಜವಾಗಿ ನಿರಾಳವಾಗಿರಬಹುದು; ಸುತ್ತಲಿನ ಲೋಕಕ್ಕೆ ಮನಸ್ಸಿನ ಬಾಗಿಲು ಮುಚ್ಚಿಕೊಂಡೂ ಇರಬಹುದು. ಫ್ರಾನ್ಸಿನ ಸವಾರಿ ಶಾಲೆಗಳ ಕುದುರೆಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಎರಡನೆಯ ಸ್ಥಿತಿಯನ್ನು ವಿವರವಾಗಿ ಗುರುತಿಸಿತು. ಅಲ್ಲಿನ ಕೆಲವು ಕುದುರೆಗಳು ಕತ್ತನ್ನು ಬೆನ್ನಿನ ಮಟ್ಟಕ್ಕೆ ಚಾಚಿ, ಕಣ್ಣು ತೆರೆದುಕೊಂಡೇ ಎತ್ತಲೂ ನೋಡದೆ, ಕಿವಿ ಅಲುಗಿಸದೆ ಬಹು ಹೊತ್ತು ನಿಲ್ಲುತ್ತಿದ್ದವು. ಮುಟ್ಟಿದರೂ ಅವುಗಳ ಸ್ಪಂದನ ಮಂದವಾಗಿತ್ತು. ಸಂಶೋಧಕರು ಇದನ್ನು ಮನುಷ್ಯರ ಖಿನ್ನತೆಗೆ ಹೋಲಿಸಬಹುದಾದ ಸ್ಥಿತಿ ಎಂದು ಕಂಡರು. ನಿರಾಳವಾದ ಕುದುರೆ ಹಾಗಿರುವುದಿಲ್ಲ. ಅದರ ಕಿವಿ ಆಡುತ್ತಿರುತ್ತದೆ, ಕೆಳದುಟಿ ಸಡಿಲವಾಗಿರುತ್ತದೆ, ಒಂದು ಹಿಂಗಾಲಿಗೆ ವಿಶ್ರಾಂತಿ ಕೊಟ್ಟಿರುತ್ತದೆ. ಹೊಸ ಸದ್ದು ಕೇಳಿದರೆ ತಲೆ ಎತ್ತಿ ನೋಡಿ, ಮತ್ತೆ ಮೇವಿಗೆ ಬಾಯಿ ಹಾಕುತ್ತದೆ. ಶಾಂತಿಯೆಂದರೆ ಪ್ರತಿಕ್ರಿಯೆಯೇ ಇಲ್ಲದಿರುವುದಲ್ಲ, ಪ್ರತಿಕ್ರಿಯೆಯ ನಂತರ ಬೇಗ ಸಮಾಧಾನಕ್ಕೆ ಮರಳುವುದು. ಕುದುರೆಯ ಪಳಗಿಕೆಯನ್ನು ಅಳೆಯಬೇಕಾದದ್ದು ಈ ಮರಳುವಿಕೆಯಲ್ಲಿ.

ಹಾಗಾದರೆ ನಂಬಿಕೆ ಹುಟ್ಟುವುದು ಯಾವುದರಿಂದ? ಪ್ರೀತಿಯಿಂದ ಎಂಬುದು ಸುಲಭದ ಉತ್ತರ, ಆದರೆ ಅದು ಸಾಲದು. ಕುದುರೆಯ ಮಟ್ಟಿಗೆ ನಂಬಿಕೆಯ ತಿರುಳು ಮುನ್ನರಿವು: ಈ ಮನುಷ್ಯ ಮುಂದೆ ಏನು ಮಾಡುತ್ತಾನೆಂದು ತಿಳಿದಿರುವುದು, ಮತ್ತು ತಾನು ಹೀಗೆ ಮಾಡಿದರೆ ಹೀಗಾಗುತ್ತದೆಂಬ ಭರವಸೆ. ಲಗಾಮು ಎಳೆದಾಗ ಬಾಯಿಯ ಮೇಲೆ, ಕಾಲೊತ್ತಿದಾಗ ಪಕ್ಕೆಯ ಮೇಲೆ ಒತ್ತಡ ಬೀಳುತ್ತದೆ. ಕುದುರೆ ಕಲಿಯುವುದು ಆ ಒತ್ತಡದಿಂದಲ್ಲ, ಒತ್ತಡ ತಪ್ಪುವ ಗಳಿಗೆಯಿಂದ. ಸರಿಯಾದ ಹೆಜ್ಜೆ ಇಟ್ಟ ಕೂಡಲೇ ಕೈ ಸಡಿಲಾದರೆ ತಾನು ಮಾಡಿದ್ದು ಸರಿ ಎಂದು ಅದಕ್ಕೆ ತಿಳಿಯುತ್ತದೆ. ಸಡಿಲಿಸುವುದು ತಡವಾದರೆ ಬಿಡುಗಡೆ ಸಿಕ್ಕಿದ್ದು ಯಾವುದಕ್ಕೆ ಎಂಬುದು ಗೊತ್ತಾಗುವುದಿಲ್ಲ; ಸಡಿಲಿಸದೇ ಇದ್ದರೆ ಏನು ಮಾಡಿದರೂ ಫಲವಿಲ್ಲವೆಂಬುದೇ ಅದು ಕಲಿಯುವ ಪಾಠ. ಇಂದು ಅನುಮತಿಸಿದ್ದನ್ನು ನಾಳೆ ಶಿಕ್ಷಿಸುವ ಮೃದು ಮನಸ್ಸಿನ ಒಡೆಯನಿಗಿಂತ, ದಿನವೂ ಒಂದೇ ರೀತಿ ನಡೆದುಕೊಳ್ಳುವ ಗಂಭೀರ ಸಹೀಸನ ಬಳಿ ಕುದುರೆ ನೆಮ್ಮದಿಯಾಗಿರುತ್ತದೆ. ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅಶ್ವಾರೋಹಣದ ಬಗ್ಗೆ ಬರೆಯುತ್ತ, ಕೋಪದಲ್ಲಿದ್ದಾಗ ಕುದುರೆಯ ಜೊತೆ ವ್ಯವಹರಿಸಲೇಬಾರದೆಂದು ಎಚ್ಚರಿಸಿದ್ದ. ಕೋಪಗೊಂಡ ಕೈ ಯಾವಾಗ ಸಡಿಲಾಗುವುದೆಂದು ಯಾವ ಪ್ರಾಣಿಯೂ ಊಹಿಸಲಾರದು.

ಈ ವಿಚಾರಕ್ಕೆ ಹಳೇಬೀಡಿನ ಸೀಮೆ ಒಂದು ಅಪರೂಪದ ನೆಲೆ. ಹೊಯ್ಸಳೇಶ್ವರ ದೇವಾಲಯದ ತಳಭಾಗದ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿಗಳ ಜೊತೆಗೆ ಕುದುರೆ ಸವಾರರ ಸಾಲು ಗೋಡೆಯುದ್ದಕ್ಕೂ ಹರಿದಿದೆ. 12ನೇ ಶತಮಾನದ ಅರಸೊತ್ತಿಗೆಗೆ ಕುದುರೆ ಎಷ್ಟು ಮುಖ್ಯವಾಗಿತ್ತೆಂಬುದನ್ನು ಆ ಕಲ್ಲು ಹೇಳುತ್ತದೆ. ಅಲ್ಲಿಂದ ದಕ್ಷಿಣಕ್ಕೆ, ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಬಸ್ತಿಹಳ್ಳಿಯ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿವೆ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ತನ್ನ ತಂದೆ ಗಂಗರಾಜನ ನೆನಪಿಗೆ. ಗಂಗರಾಜ ಹೊಯ್ಸಳ ಅರಸ ವಿಷ್ಣುವರ್ಧನನ ದಂಡನಾಯಕ, ತಲಕಾಡನ್ನು ಚೋಳರಿಂದ ಗೆದ್ದುಕೊಟ್ಟವನು, ಮತ್ತು ನಿಷ್ಠಾವಂತ ಜೈನ. ಸೇನೆ ನಡೆಸುವ ಮನೆತನವೇ ಅಹಿಂಸೆಯ ಬಸದಿಯನ್ನೂ ಕಟ್ಟಿಸಿತು.

ಆ ಬಸದಿಗಳ ಪರಂಪರೆ ಗೃಹಸ್ಥರಿಗೆ ವಿಧಿಸಿದ ಅಹಿಂಸಾಣುವ್ರತದಲ್ಲಿ ಐದು ಅತಿಚಾರಗಳ, ಅಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳ, ಉಲ್ಲೇಖವಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅವನ್ನು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಹೆಸರಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ ನೀರು ತಪ್ಪಿಸುವುದು. ಇವು ಲೋಕ ಬಿಟ್ಟ ಸನ್ಯಾಸಿಗೆ ಹೇಳಿದ ಮಾತುಗಳಲ್ಲ. ಕೊಟ್ಟಿಗೆ, ಲಾಯ, ಗಾಡಿ, ಹೊರೆ ಇರುವ ಸಂಸಾರಿಗೆ ಹೇಳಿದವು. ಹಾಗಾಗಿ ಇಂದಿನ ಪ್ರಾಣಿವಿಜ್ಞಾನದ ಪಕ್ಕದಲ್ಲಿ ಇವನ್ನಿಟ್ಟು ನೋಡುವುದು ಬಲವಂತದ ಹೋಲಿಕೆಯಲ್ಲ.

ಕೊನೆಯದರಿಂದಲೇ ತೊಡಗಬಹುದು. ಬಯಲಿಗೆ ಬಿಟ್ಟ ಕುದುರೆ ದಿನದ ಬಹುಪಾಲು, ಸುಮಾರು 16 ಗಂಟೆವರೆಗೆ, ಮೇಯುತ್ತಲೇ ಇರುತ್ತದೆ. ದೇಹದ ಗಾತ್ರಕ್ಕೆ ಅದರ ಜಠರ ಚಿಕ್ಕದು. ಅಲ್ಲಿ ಆಮ್ಲ ನಿಲ್ಲದೆ ಸುರಿಯುತ್ತಿರುತ್ತದೆ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹುರುಳಿ ಕೊಟ್ಟು ನಡುವೆ ಹುಲ್ಲಿಲ್ಲದೆ ಕಟ್ಟಿದರೆ ಹೊಟ್ಟೆ ತುಂಬಿದಂತೆ ಕಂಡರೂ ಒಳಗೆ ಹುಣ್ಣಾಗಬಹುದು, ನೋವಿನ ಪ್ರಾಣಿ ಕಚ್ಚುತ್ತದೆ, ಒದೆಯುತ್ತದೆ. ಅನೇಕ 'ತುಂಟ' ಕುದುರೆಗಳ ತುಂಟತನ ಅವುಗಳ ಹೊಟ್ಟೆಯಲ್ಲಿದೆ. ಹೊರೆಯ ವಿಷಯದಲ್ಲಿ, ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿದ ಅಳತೆ. ಛೇದವೆಂದರೆ ದೊಡ್ಡ ಗಾಯವೇ ಆಗಬೇಕಿಲ್ಲ. ಕುದುರೆಯ ಮೂತಿಯ ಸುತ್ತಲಿನ ಉದ್ದ ಕೂದಲುಗಳು ಸ್ಪರ್ಶೇಂದ್ರಿಯಗಳು. ಮೂತಿಯ ಕೆಳಗಿನ ಕುರುಡು ಜಾಗದಲ್ಲಿ ಅವೇ ಅದಕ್ಕೆ ಕಣ್ಣು. ಅಂದಕ್ಕಾಗಿ ಅವನ್ನು ಬೋಳಿಸಿದ ಕುದುರೆಗಳು ಸ್ಪರ್ಧಿಸುವುದನ್ನು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2021ರಿಂದ ನಿಷೇಧಿಸಿದೆ. ಮುಳ್ಳಿನ ಕಡಿವಾಣವನ್ನು ಭಾರತದಲ್ಲಿ 1965ರ ನಿಯಮಗಳೇ ತಡೆದಿವೆ, ಆದರೂ ರಸ್ತೆಗಳಿಂದ ಅದು ಪೂರ್ತಿ ಮರೆಯಾಗಿಲ್ಲ ಎಂಬುದು ದುಃಖದ ಸಂಗತಿ. ಬಂಧದ ವಿಷಯವೇ ಹೆಚ್ಚು ಗಂಭೀರ. ಕುದುರೆ ಹಿಂಡಿನ ಜೀವಿ, ಒಂಟಿಯಾಗಿ ಮಲಗಲೂ ಅಂಜುತ್ತದೆ. ಜೊತೆಯ ಕುದುರೆ ಕಾವಲಿದ್ದಾಗ ಹೆಚ್ಚು ನಿರಾಳವಾಗಿ ನೆಲಕ್ಕೆ ಮೈಚಾಚಿ ಗಾಢ ನಿದ್ದೆ ಮಾಡುತ್ತದೆ. ಗೆಳೆಯರಿಲ್ಲದ ಲಾಯದಲ್ಲಿ ಕಟ್ಟಿದ ಕುದುರೆಯಿಂದ ಮನುಷ್ಯನ ಮೇಲೆ ನಂಬಿಕೆ ನಿರೀಕ್ಷಿಸುವುದು ನ್ಯಾಯವಲ್ಲ.

ಈ ಐದನ್ನೂ ತಪ್ಪಿಸಿದರೆ ನಂಬಿಕೆ ತಾನಾಗಿ ಬರುತ್ತದೆಯೇ? ಇಲ್ಲ. ಅತಿಚಾರಗಳು ಮಾಡಬಾರದ್ದನ್ನು ಹೇಳುತ್ತವೆ, ಅಂದರೆ ನೆಲ ಹದಮಾಡುತ್ತವೆ. ಬಿತ್ತನೆ ಬೇರೆ ಕೆಲಸ. ಅದಕ್ಕೆ ಬೇಕಾದ ಜ್ಞಾನವನ್ನು ಈ ನಾಡು ಹಿಂದಿನಿಂದಲೂ ಬರೆದಿಟ್ಟಿದೆ. ವಿಷ್ಣುವರ್ಧನನ ಕಾಲದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಪಳಗಿಸುವಿಕೆ, ಕುದುರೆಯ ಮೇಲಿನ ಚೆಂಡಾಟಗಳ ವಿವರಣೆಯಿದೆ. ಸುಮಾರು 1400ರಲ್ಲಿ ಅಭಿನವಚಂದ್ರ ಕನ್ನಡದಲ್ಲೇ ಅಶ್ವಶಾಸ್ತ್ರ ಬರೆದ. ಅರಿವು ಇಲ್ಲದಿದ್ದಲ್ಲಿ ಆಗುವುದನ್ನು 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಪಾಂಡ್ಯರ ಕರಾವಳಿಯ ಬಗ್ಗೆ ಬರೆದಿದ್ದಾನೆ: ಕಡಲಾಚೆಯಿಂದ ಅಪಾರ ಬೆಲೆಗೆ ತರಿಸಿದ ಕುದುರೆಗಳು ಸರಿಯಾದ ಆರೈಕೆ ತಿಳಿದವರಿಲ್ಲದೆ ವರ್ಷದೊಳಗೆ ಸಾಯುತ್ತಿದ್ದವಂತೆ.

ಭಯವನ್ನು ಕರಗಿಸುವ ವಿಧಾನಕ್ಕೆ ಕರ್ನಾಟಕದಲ್ಲಿ ಎಲ್ಲರೂ ನೋಡಬಹುದಾದ ಉದಾಹರಣೆ ಮೈಸೂರಿನದು. ವಿಜಯದಶಮಿಯ ಜಂಬೂಸವಾರಿಯಲ್ಲಿ 21 ಕುಶಾಲತೋಪು ಹಾರುವಾಗ ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳೂ ಇರುತ್ತವೆ. ಅದಕ್ಕಾಗಿ ಹಲವು ದಿನ ಮೊದಲೇ ಆನೆ ಕುದುರೆಗಳನ್ನು ನಿಲ್ಲಿಸಿ ಫಿರಂಗಿ ಸಿಡಿಸುವ ತಾಲೀಮು ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಬೆದರಿದವು ನಂತರದ ಸುತ್ತುಗಳಲ್ಲಿ ಹೆಚ್ಚು ಸಮಾಧಾನದಿಂದ ನಿಲ್ಲುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸದ್ದು ದೂರದಿಂದ ಹತ್ತಿರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ ಏರಿ, ಪ್ರತಿ ಹಂತದಲ್ಲೂ ಕುದುರೆ ನಿರಾಳವಾದ ಮೇಲಷ್ಟೇ ಮುಂದಿನ ಹಂತಕ್ಕೆ ಹೋದರೆ ಅದು ಅಭ್ಯಾಸ. ಓಡಲಾಗದಂತೆ ಬಿಗಿದು ಒಮ್ಮೆಲೇ ಭಯದಲ್ಲಿ ಮುಳುಗಿಸಿದರೂ ಕುದುರೆ ಕೊನೆಗೆ ನಿಲ್ಲುತ್ತದೆ, ಆದರೆ ಅದು ಶಾಂತಿಯಲ್ಲ, ಸೋಲು. ಆ ಸೋಲು ಇನ್ನೊಂದು ದಿನ, ಜನರ ನಡುವೆ, ಸ್ಫೋಟವಾಗಿ ಹೊರಬರಬಹುದು.

ಮರಿಯ ವಿಷಯದಲ್ಲೂ ಇದೇ ತತ್ತ್ವ ಕಾಣುತ್ತದೆ. ಹುಟ್ಟಿದ ಗಳಿಗೆಯಲ್ಲೇ ಮರಿಯನ್ನು ಹಿಡಿದು ಮೈಯೆಲ್ಲ ಉಜ್ಜಿದರೆ ಅದು ಜೀವನವಿಡೀ ಮನುಷ್ಯನಿಗೆ ಒಗ್ಗಿಕೊಳ್ಳುತ್ತದೆಂಬ ಪದ್ಧತಿ 1990ರ ದಶಕದಲ್ಲಿ ಅಮೆರಿಕದಿಂದ ಹರಡಿತು. ಫ್ರಾನ್ಸಿನ ಸಂಶೋಧಕರು ನಂತರ ಪರೀಕ್ಷಿಸಿದಾಗ ಹೀಗೆ ಬಲವಂತವಾಗಿ ಹಿಡಿದ ಮರಿಗಳಲ್ಲಿ ತಾಯಿಯೊಡನೆಯ ಬಂಧವೂ ಮುಂದಿನ ಸಾಮಾಜಿಕ ನಡವಳಿಕೆಯೂ ಕೆಡುವುದು ಕಂಡಿತು. ಇದಕ್ಕೆ ವಿರುದ್ಧವಾದ ಪ್ರಯೋಗವನ್ನು ಅದೇ ತಂಡ 2005ರಲ್ಲಿ ವರದಿಮಾಡಿತ್ತು: ಮೊದಲ ಐದು ದಿನ ಮರಿಯನ್ನು ಮುಟ್ಟದೆ, ಅದು ನೋಡುತ್ತಿರುವಾಗ ತಾಯಿಯನ್ನು ಮೃದುವಾಗಿ ಉಜ್ಜಿದರು. ಆ ಮರಿಗಳು ಮನುಷ್ಯರ ಬಳಿ ಬೇಗ ಬಂದವು, ಒಂದು ವರ್ಷದ ನಂತರವೂ ಅವುಗಳ ಒಲವು ಉಳಿದಿತ್ತು. ತುಮಕೂರು ಜಿಲ್ಲೆಯ ಕುಣಿಗಲ್ಲಿನಂಥ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರಿಗೂ ಈ ಫಲಿತಾಂಶ ನೇರವಾಗಿ ಸಲ್ಲುವಂಥದ್ದು.

ದುಂಡನೆಯ ಆವರಣದಲ್ಲಿ ಕುದುರೆಯನ್ನು ಓಡಿಸಿ, ಅದು ದಣಿದು ಹತ್ತಿರ ಬಂದಾಗ ಸ್ವಾಗತಿಸುವ, ಕುದುರೆ ತರಬೇತುದಾರ ಮಾಂಟಿ ರಾಬರ್ಟ್ಸ್‌ನ ವಿಧಾನ ಜಗತ್ತಿನಾದ್ಯಂತ ಜನಪ್ರಿಯ. ಕುದುರೆ ಅವನನ್ನು ಹಿಂಡಿನ ಮುಖಂಡನೆಂದು ಒಪ್ಪಿತೆಂಬುದು ಅದರ ಸಮರ್ಥನೆ. ಆದರೆ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಮೋಟ್‌ನಿಂದ ಓಡುವ ಆಟಿಕೆ ಕಾರನ್ನು ಬಳಸಿ ಇದೇ ಕ್ರಮ ಅನುಸರಿಸಿದಾಗ ಕುದುರೆಗಳು ಕಾರಿನ ಬಳಿಗೂ ಬಂದವು. ದೂರ ಹೋದರೆ ಅಟ್ಟುವುದು, ಹತ್ತಿರ ಬಂದರೆ ನಿಲ್ಲುವುದು ಎಂಬ ನಿಯಮವನ್ನು ಅವು ಕಲಿತಿದ್ದವು, ಅಷ್ಟೆ. ವಿಧಾನ ಕೆಲಸ ಮಾಡುವುದು ನಿಜ. ಅದಕ್ಕೆ ಬಾಂಧವ್ಯದ ಹೆಸರು ಕೊಡುವುದು ಮಾತ್ರ ಸರಿಯಲ್ಲ.

ಮನುಷ್ಯನ ಒಳಗಿನ ಸ್ಥಿತಿಯೂ ಕುದುರೆಗೆ ತಲುಪುತ್ತದೆ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕುದುರೆ ನಡೆಸುವವರಿಗೆ ಈ ಸಲ ದಾರಿಯಲ್ಲಿ ಛತ್ರಿ ತೆರೆಯಲಾಗುವುದೆಂದು ಹೇಳಲಾಯಿತು. ಛತ್ರಿ ತೆರೆಯಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಅದರೊಂದಿಗೆ ಏನೂ ಅರಿಯದ ಕುದುರೆಗಳದ್ದೂ. ಶಮನದ ದಾರಿಯೂ ಮೈಯಲ್ಲೇ ಇದೆ: ಕುದುರೆಗಳು ಪರಸ್ಪರ ಕೆರೆದುಕೊಳ್ಳುವ, ಕತ್ತಿನ ಬುಡದ ಉಬ್ಬಿನ ಜಾಗವನ್ನು ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆಂದು 1993ರ ಅಧ್ಯಯನ ತೋರಿಸಿದೆ. ಕತ್ತು ತಟ್ಟಿ ಶಹಬ್ಬಾಸ್ ಎನ್ನುವ ರೂಢಿಗಿಂತ ಅಲ್ಲಿ ಬೆರಳಾಡಿಸುವುದು ಅವಕ್ಕೆ ಹೆಚ್ಚು ಅರ್ಥವಾಗುವ ಸ್ನೇಹ.

ಇಷ್ಟೆಲ್ಲ ವ್ಯವಧಾನ ದುಡಿಯುವ ಕುದುರೆಗೆ ಗಿಟ್ಟುವುದಿಲ್ಲ, ಜಟಕಾದವನಿಗೂ ಪೊಲೀಸಿಗೂ ರೇಸಿಗೂ ಬೇಕಾದದ್ದು ವಿಧೇಯತೆ ಎಂಬ ಆಕ್ಷೇಪ ಹಳೆಯದು, ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಆದರೆ ವಿಧೇಯತೆ ಅತ್ಯಂತ ಅಗತ್ಯವಾಗುವುದು ಅಪಾಯದ ಗಳಿಗೆಯಲ್ಲಿ, ಮತ್ತು ಭಯದಿಂದ ಹುಟ್ಟಿದ ವಿಧೇಯತೆ ಇನ್ನೂ ದೊಡ್ಡ ಭಯ ಎದುರಾದಾಗ ಮುರಿಯುತ್ತದೆ. 400–500 ಕಿಲೋ ತೂಗುವ ಪ್ರಾಣಿಯನ್ನು ಆಗ ತೋಳ್ಬಲದಿಂದ ಹಿಡಿಯುವುದು ಸಾಧ್ಯವಿಲ್ಲ. ಅದನ್ನು ನಿಲ್ಲಿಸಬಲ್ಲದ್ದು, ಈ ಧ್ವನಿ ಮತ್ತು ಈ ಕೈ ಹಿಂದೆಂದೂ ಅಪಾಯಕ್ಕೆ ಒಯ್ದಿಲ್ಲವೆಂಬ ಅದರ ನೆನಪು. ಕುದುರೆಯ ನೆನಪು ಗಟ್ಟಿ. ಒಳ್ಳೆಯ ಒಡನಾಟದಲ್ಲಿ ಕಲಿತದ್ದನ್ನು ತಿಂಗಳುಗಳ ಅಂತರದ ನಂತರವೂ ಉಳಿಸಿಕೊಳ್ಳುತ್ತದೆ, ಹೊಸ ಮನುಷ್ಯರಿಗೂ ಅದರ ಲಾಭ ಸಿಗುತ್ತದೆ.

ಆದ್ದರಿಂದ ಕುದುರೆ 'ಒಲ್ಲೆ' ಎನ್ನುವುದಕ್ಕೆ ಜಾಗವಿರಬೇಕು. ನಾರ್ವೆಯ ಸಂಶೋಧಕರು 2016ರಲ್ಲಿ 23 ಕುದುರೆಗಳಿಗೆ ಫಲಕದ ಗುರುತುಗಳನ್ನು ಮುಟ್ಟಿ, ಮೈಗೆ ಹೊದಿಕೆ ಬೇಕೇ ಬೇಡವೇ ಎಂದು ಹೇಳುವುದನ್ನು ಕಲಿಸಿದರು. ಅವು ಹವಾಮಾನಕ್ಕೆ ತಕ್ಕಂತೆ ಆಯ್ದುಕೊಂಡವು. ಫಲಕವಿಲ್ಲದ ಲಾಯದಲ್ಲೂ ಕುದುರೆ ಹೇಳುತ್ತಲೇ ಇರುತ್ತದೆ. ಜೀನು ಹಾಕುವಾಗ ಕಿವಿ ಹಿಂದಕ್ಕೆ ಬಾಗಿಸುವುದು, ಕಡಿವಾಣ ಕಂಡಾಗ ತಲೆ ಮೇಲೆತ್ತುವುದು, ಲಾಳ ಹೊಡೆಸಿದ ಮೇಲೆ ಒಂದು ಕಾಲನ್ನು ಊರಲು ಹಿಂಜರಿಯುವುದು, ಇವೆಲ್ಲ ಅದರ ಮಾತು. ನಿನ್ನೆಯವರೆಗೆ ಸುಮ್ಮನೆ ಒಪ್ಪುತ್ತಿದ್ದ ಕುದುರೆ ಇಂದು ಒಪ್ಪದಿದ್ದರೆ ಚಾವಟಿಗೆ ಕೈಹಾಕುವ ಮೊದಲು ನೋಡಬೇಕಾದದ್ದು ಹಲ್ಲಿನ ಚೂಪು ಅಂಚು, ಜೀನಿನಡಿಯ ಬೆನ್ನು, ಗೊರಸಿನ ಕಾವು. ಪಶುವೈದ್ಯರು ನೋವಿಲ್ಲವೆಂದು ಖಚಿತಪಡಿಸಿದ ಮೇಲೆ ಪಾಠವನ್ನು, ಕುದುರೆ ಕೊನೆಯದಾಗಿ ನಿರಾಳವಾಗಿದ್ದ ಹಂತದಿಂದ ಮತ್ತೆ ತೊಡಗಬೇಕು.