ಸುಟ್ಟ ಕೈಗೆ ಅರಿಸಿನ ಸಾಕೇ?

ಮುಂಬಯಿಯಲ್ಲಿ ಕನ್ನಡಿಗರ ಹೆಸರು ಉಳಿಸಿದ್ದು ಉಡುಪಿ ಹೋಟೆಲುಗಳೆಂದು ನಮ್ಮ ಸಭೆಗಳಲ್ಲಿ ಭಾಷಣ ಮಾಡದವರಿಲ್ಲ. ಅಲ್ಲಿ ಬೇಯಿಸುವ ಕೈಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ಮೊಣಕೈವರೆಗೆ ಸುಟ್ಟ ಕಲೆಯಿಲ್ಲದ ಭಟ್ಟರು ಅಪರೂಪ. "ಒಲೆ ಮುಂದೆ ನಿಂತವನಿಗೆ ಇದೆಲ್ಲ ಇದ್ದದ್ದೇ" ಎಂಬುದು ಮಾಲಿಕರ ಮಾತು. ವಿಷಾದವೆಂದರೆ, ಕೆಲಸದವರ ಮಾತೂ ಅದೇ.

ಹಣೆಬರಹವನ್ನು ಬದಿಗಿಟ್ಟು ಸ್ವಲ್ಪ ಭೌತಶಾಸ್ತ್ರ ನೋಡೋಣ. ಒಂದು ಗ್ರಾಂ ಕುದಿನೀರು ಮೈಗೆ ತಾಗಿ ಮೈಯ ಬಿಸಿಗೆ ಇಳಿಯುವಾಗ ಬಿಡುವ ಶಾಖ ಸುಮಾರು 60 ಕ್ಯಾಲೊರಿ. ಒಂದು ಗ್ರಾಂ ಉಗಿ ನೀರಾಗಿ ಅಷ್ಟಕ್ಕೇ ತಣಿಯುವಾಗ ಬಿಡುವುದು ಸುಮಾರು 600. ಇಡ್ಲಿ ಪಾತ್ರೆಯ ಮುಚ್ಚಳದ ಆಚೆ ಅಂಚನ್ನು ಮೊದಲು ಎತ್ತಿದರೆ ಉಗಿ ಆಚೆಗೆ ಹೋಗುತ್ತದೆಂದು ಹೊಸ ಹುಡುಗನಿಗೆ ಹೇಳಿಕೊಟ್ಟವರಾರು? ಎಣ್ಣೆ ಚೆಲ್ಲಿದ ನೆಲ, ಕಾಲಿಗೆ ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆ. ಜಾರಿ ಬಿದ್ದರೆ ದೈವವನ್ನು ದೂರುವುದೇ?

ಸುಟ್ಟ ಮೇಲೆ ಅರಿಸಿನ, ಟೂತ್‌ಪೇಸ್ಟ್, ಮಂಜುಗಡ್ಡೆ! ಇವುಗಳಿಂದ ಗಾಯ ಕೆಡುವುದೇ ಹೆಚ್ಚು. ಒಡನೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಗುಳ್ಳೆ ಒಡೆಯದೆ, ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ನಲ್ಲಿಯ ನೀರಿಗೆ ಖರ್ಚೇನು? ಖರ್ಚಾಗುವುದು 20 ನಿಮಿಷ. ಊಟದ ಹೊತ್ತಿನ ಗಿರಾಕಿಗಳಿರುವಾಗ ಅದನ್ನು ಕೊಡಲು ಮನಸ್ಸಿಲ್ಲ.

ಅಪಘಾತ ಪರಿಹಾರದ ಕಾಯಿದೆ 1923ರಲ್ಲೇ ಬಂತು, ಇ.ಎಸ್.ಐ. ಕಾಯಿದೆ 1948ರಲ್ಲಿ. ಎರಡನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. 10 ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿಗೆ ಇ.ಎಸ್.ಐ. ಅನ್ವಯಿಸುತ್ತದೆ. 2019ರಲ್ಲಿ ಮಾಲಿಕರ ಪಾಲನ್ನು ಸಂಬಳದ ಶೇ. 4.75ರಿಂದ 3.25ಕ್ಕೆ ಇಳಿಸಿದ್ದೂ ಆಯಿತು. ಆದರೂ ಅಡುಗೆಮನೆಯಲ್ಲಿ ಹದಿನೈದು ತಲೆ, ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಎಂಬ ಲೆಕ್ಕ ಇನ್ನೂ ನಿಂತಿಲ್ಲ. ಗುಮಾಸ್ತನಾದ ನಾನು ಬಲ್ಲೆ: ಪುಸ್ತಕದಲ್ಲಿ ಹೆಸರಿಲ್ಲದವನ ಅರ್ಜಿ ಯಾವ ಮೇಜಿನಿಂದಲೂ ಮುಂದೆ ಹೋಗದು.

ಮಾಲಿಕರಲ್ಲಿ ಅನೇಕರು ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆ ಉರಿ ಅವರಿಗೆ ಗೊತ್ತಿಲ್ಲದ್ದಲ್ಲ. ಇಂದು ಒಲೆಯ ಮುಂದೆ ನಿಂತವನು ಕುಂದಾಪುರದವನಿರಲಿ, ನೇಪಾಳದವನಿರಲಿ, ಚರ್ಮ ಒಂದೇ.

ನಮ್ಮ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೇ. ಸ್ಮರಣಸಂಚಿಕೆಗೆ ಜಾಹೀರಾತು ಬೇಡಲು ಹೋದಾಗ, ವೇದಿಕೆಗೆ ಕರೆದು ಶಾಲು ಹೊದಿಸುವ ಮೊದಲು, ಒಂದು ಮಾತು ಕೇಳಿ: "ಧಣಿಗಳೇ, ನಿಮ್ಮ ಅಡುಗೆಮನೆಯವರೆಲ್ಲರ ಹೆಸರು ಇ.ಎಸ್.ಐ.ಯಲ್ಲಿದೆಯೇ?" ಹೌದೆನ್ನಲಾಗದವರ ಜಾಹೀರಾತಿಲ್ಲದೆ ಸಂಚಿಕೆ ನಾಲ್ಕು ಪುಟ ತೆಳ್ಳಗಾದರೆ ಆಗಲಿ.