ಗಲ್ಲದ ಕೂದಲೂ ಗುಂಡಿಗೆಯೂ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇಕೆಂದು ಕೆಲವರು ಹುಬ್ಬೇರಿಸಬಹುದು. ಬರೆಯುವವಳು ವಿಜ್ಞಾನದ ವಿದ್ಯಾರ್ಥಿನಿಯೂ ಅಲ್ಲ. ಅತ್ತಿಗುಂಡಿಯ ಲೈನ್‌ಮನೆಯಿಂದ ಬಂದು, ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಬಿ.ಎ. ತರಗತಿಯನ್ನು ಕಂಡವಳು. ಆದರೆ ನಾಚಿ ಮುಚ್ಚಿಟ್ಟ ಮಾತು ಜೀವಕ್ಕೆ ಎರವಾಗುವುದಾದರೆ ಅದನ್ನು ಆಡಿಬಿಡುವುದೇ ಲೇಸಲ್ಲವೆ?

ನನ್ನ ಅಕ್ಕನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಲ್ಲದ ಮೇಲೆ ಗಡುಸಾದ ಕೂದಲು ಮೂಡಿತು. ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಬರತೊಡಗಿತು. "ಮದುವೆಯಾದರೆ ಎಲ್ಲಾ ಸರಿಹೋಗುತ್ತೆ ಬಿಡೇ" ಎಂದಳು ಅವ್ವ. ನೆರೆಯವರು ಅರಿಸಿನ ಹಚ್ಚೆಂದರು. ರಕ್ತ ಪರೀಕ್ಷೆ ಮಾಡಿಸೆಂದವರು ಒಬ್ಬರೂ ಇಲ್ಲ. ಇಪ್ಪತ್ತೇಳರಲ್ಲಿ ಬಸುರಿಯಾದಾಗ ಸಕ್ಕರೆ ಕಾಯಿಲೆ ಹೊರಬಿತ್ತು.

ಆಂಡ್ರೊಜೆನ್ ಎಂಬುದು ಗಂಡಸರ ಹಾರ್ಮೋನು ಎಂಬ ಮಾತು ಅರ್ಧಸತ್ಯ. ಹೆಣ್ಣಿನ ಅಂಡಾಶಯವೂ ಅಡ್ರಿನಲ್ ಗ್ರಂಥಿಯೂ ಅದನ್ನು ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಈಸ್ಟ್ರೊಜೆನ್ ಹುಟ್ಟುವುದೂ ಅದರಿಂದಲೇ. ಅದು ಮಿತಿಮೀರಿದಾಗ ಮಾತ್ರ ಕೇಡು. ಇನ್ಸುಲಿನ್ನಿಗೆ ಮೈ ಸರಿಯಾಗಿ ಓಗೊಡದಿದ್ದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯದಿಂದ ಇನ್ನಷ್ಟು ಆಂಡ್ರೊಜೆನ್ ಹೊರಡಿಸುತ್ತದೆ. ಆ ಆಂಡ್ರೊಜೆನ್ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸಿ ಇನ್ಸುಲಿನ್ನಿನ ಕೆಲಸವನ್ನು ಮತ್ತೆ ಕೆಡಿಸುತ್ತದೆ. ಇದೊಂದು ವಿಷಚಕ್ರ. ಇದರ ಸಾಮಾನ್ಯ ರೂಪವೇ ಪಿ.ಸಿ.ಓ.ಎಸ್. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆಯೆಂದೂ, ಅವರಲ್ಲಿ 70 ಪಾಲಿನವರೆಗೆ ರೋಗ ಪತ್ತೆಯೇ ಆಗಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ಇದರ ಬೆನ್ನಿಗೆ ಬರಬಹುದು, ತೆಳ್ಳಗಿರುವವರೂ ಹೊರತಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗದರ್ಶಿಯು ಇದನ್ನು ಹೃದ್ರೋಗದ ಅಪಾಯಗಳಲ್ಲಿ ಒಂದೆಂದೇ ಎಣಿಸಬೇಕೆಂದು ಹೇಳಿದೆ.

ನಮ್ಮಲ್ಲಾದರೋ ಇದು ಅಂದದ ಪ್ರಶ್ನೆ, ವರಾನ್ವೇಷಣೆಯ ಪ್ರಶ್ನೆ, ಇಲ್ಲವೆ ಹುಡುಗರ ನಗೆಚಾಟಿಕೆಯ ವಸ್ತು. ಮನೆಮನೆಯ ಸಕ್ಕರೆ, ಬಿ.ಪಿ. ತಪಾಸಣೆ 30 ತುಂಬಿದವರಿಗೆ. ಲಕ್ಷಣ ಕಾಣುವುದು ಹದಿಹರೆಯದಲ್ಲಿ. ಕಾಫಿಗಿಡದ ಎಲೆ ಹಳದಿಯಾದರೆ ನಮ್ಮೂರಿನಲ್ಲಿ ಯಾರೂ ಎಲೆಯನ್ನು ತೊಳೆಯುತ್ತ ಕೂರುವುದಿಲ್ಲ. ಕಾಂಡದಲ್ಲಿ ಕೊರಕ ಹೊಕ್ಕಿದೆಯೇ ಎಂದು ನೋಡುತ್ತಾರೆ. ಗಿಡಕ್ಕಿರುವ ಆ ಆರೈಕೆ ಮಗಳಿಗೇಕಿಲ್ಲ?

ಗಲ್ಲದ ಕೂದಲೆಲ್ಲವೂ ರೋಗವೆಂದು ನಾನು ಹೇಳುತ್ತಿಲ್ಲ. ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ನನ್ನ ಬೇಡಿಕೆ ಚಿಕ್ಕದು. ವರ್ಷಕ್ಕೊಮ್ಮೆ ನಮ್ಮ ಕಾಲೇಜಿಗೆ ವೈದ್ಯೆಯೊಬ್ಬರನ್ನು ಕರೆಸಿ, ವಿದ್ಯಾರ್ಥಿನಿಯರ ಮುಟ್ಟಿನ ವಿಚಾರವನ್ನು ಗುಟ್ಟಾಗಿ ಕೇಳಿ, ರಕ್ತದೊತ್ತಡ, ಸಕ್ಕರೆ ನೋಡಿಸಲಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪಾಡು ನನ್ನ ಅಕ್ಕನಿಗೇ ಮುಗಿಯಲಿ.