ಬೆವರುವ ಮೈಮೇಲೆ ಪರೀಕ್ಷೆಯಾಗಲಿ

ಹಿಡಕಲ್ಲಿನ ಜಲಾಶಯದಿಂದ ಹೊರಟ ಘಟಪ್ರಭೆಯ ನೀರು ಕಾಲುವೆಗಳ ಹಾದಿಯಾಗಿ ಹರಿದು ಹುಕ್ಕೇರಿ, ಗೋಕಾಕ, ಮೂಡಲಗಿಗಳ ಎರೆನೆಲವನ್ನು ತೋಯಿಸಲಾರಂಭಿಸಿದ ಮೇಲೆ, ಆಕಾಶವನ್ನೇ ನಂಬಿ ಜೋಳ ಬಿತ್ತುತ್ತಿದ್ದ ಹೊಲಗಳು ಕಬ್ಬಿನ ಪಡಗಳಾಗಿ, ಈ ಸೀಮೆಯ ಸಾಲಸೋಲ, ಮದುವೆ ಮುಂಜಿ, ರಾಜಕಾರಣಗಳೆಲ್ಲವೂ ಸಕ್ಕರೆಯ ದರವನ್ನೇ ಅವಲಂಬಿಸುವಂತಾಯಿತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲಿರುಳೆನ್ನದೆ ಕುಳಿತು ಟನ್ನಿಗೆ 3,500 ರೂಪಾಯಿ ಕೊಡಿರೆಂದು ಹಟ ಹಿಡಿದಾಗ ನಾಡೆಲ್ಲ ಇತ್ತ ತಿರುಗಿ ನೋಡಿತು. ಕೊನೆಗೆ 3,300ಕ್ಕೆ ಒಪ್ಪಂದವೂ ಆಯಿತು. ಹೊಲದ ಸಕ್ಕರೆಗೆ ದೊರೆತ ಈ ಲಕ್ಷ್ಯದಲ್ಲಿ ಒಂದಂಶವಾದರೂ ರಕ್ತದ ಸಕ್ಕರೆಗೆ ದೊರೆಯಬೇಕೆಂಬುದೇ ನನ್ನ ಕೇಳಿಕೆ. ಕಬ್ಬು ಬೆಳೆಯುವುದರಿಂದ ಮಧುಮೇಹ ಬರುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಸತ್ಯವೂ ಅನ್ಯಾಯವೂ ಆದೀತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜು ಮಾಡಿರುವಾಗ, ಪೇಟೆಯ ಕುಳಿತುಣ್ಣುವ ಜನರಿಗೆ ಮಾತ್ರ ಬರತಕ್ಕ ರೋಗವಿದು ಎಂಬ ಹಳೆಯ ಸಮಾಧಾನವು ಇನ್ನು ಉಳಿಯಲಾರದು.

ಬೆಲ್ಲ ಕಾಯಿಸುವ ಹಂಗಾಮಿನಲ್ಲಿ ಈ ಭಾಗದ ಯಾವುದಾದರೊಂದು ಗಾಣಕ್ಕೆ ಹೋಗಿ ನೋಡಬೇಕು. ಕುದಿಯುವ ಪಾಕದ ತೊಟ್ಟನ್ನು ನೀರಿಗೆ ಬಿಟ್ಟು, ಬೆರಳುಗಳ ನಡುವೆ ಉರುಳಿಸಿ ಹದ ನೋಡುವ ಮನುಷ್ಯನ ಆ ಬೆರಳನ್ನೇ ಆರೋಗ್ಯ ಕಾರ್ಯಕರ್ತೆ ರಕ್ತಪರೀಕ್ಷೆಗಾಗಿ ಹಿಡಿಯುತ್ತಾಳೆ. “ಅಕ್ಕಾರ, ಈ ಬೆರಳ ಚುಚ್ಚಬ್ಯಾಡ್ರಿ, ನಾಳಿ ಕೆಲಸ ಮಾಡೂದೈತ್ರಿ” ಎಂಬ ಮಾತು ಸೂಜಿಗೆ ಹೆದರಿ ಬಂದದ್ದಲ್ಲ. ಕುಡುಗೋಲಿನ ಹಿಡಿಯಿಂದ ದಡ್ಡುಗಟ್ಟಿದ ಬೆರಳಿಗೆ ಒಂದು ಚುಚ್ಚಿಗೆ ರಕ್ತ ಬಾರದು. ಎರಡನೆಯ ಬಾರಿ, ಮೂರನೆಯ ಬಾರಿ ಚುಚ್ಚಬೇಕಾಗುತ್ತದೆ. ಬಂದ ಹನಿಯನ್ನು ಪಟ್ಟಿಗೆ ಮುಟ್ಟಿಸಿದರೆ, ಬೆರಳಿಗೆ ಅಂಟಿಕೊಂಡಿದ್ದ ಬೆಲ್ಲದ ಅಂಶವು ರಕ್ತದೊಡನೆ ಬೆರೆತು, ಯಂತ್ರವು ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸುವುದೂ ಉಂಟು. ಸೋಪು ಹಚ್ಚಿ ಕೈ ತೊಳೆದು ಒರೆಸಿಕೊಂಡ ಮೇಲೆಯೇ ಚುಚ್ಚಬೇಕೆಂಬ ಸರಳ ನಿಯಮವನ್ನು ಬೆಲ್ಲದ ನಾಡಿನಲ್ಲಿ, ಕರದಂಟು ಕಟ್ಟುವ ಗೋಕಾಕದಲ್ಲಿ, ಎರಡು ಬಾರಿ ಹೇಳಿದರೂ ತಪ್ಪಿಲ್ಲ.

ಸಕ್ಕರೆ ಏರುವುದಕ್ಕಿಂತ ಅದು ಥಟ್ಟನೆ ಇಳಿಯುವುದು ದುಡಿಯುವ ಮನುಷ್ಯನಿಗೆ ಹೆಚ್ಚು ಅಪಾಯಕರ. ಬೆಳಗಿನ ಗುಳಿಗೆಯನ್ನು ನುಂಗಿ, ರೊಟ್ಟಿಯ ಗಂಟನ್ನು ಬದುವಿನ ಮೇಲಿಟ್ಟು, ಬಿಸಿಲೇರುವ ಮುನ್ನ ಒಂದು ಸಾಲನ್ನಾದರೂ ಮುಗಿಸೋಣವೆಂದು ಕಬ್ಬಿಗೆ ಇಳಿದವನಿಗೆ ರಕ್ತದ ಸಕ್ಕರೆ ಕುಸಿದಾಗ, ವೈದ್ಯರು ಹೇಳಿಕೊಟ್ಟ ಮೊದಲ ಲಕ್ಷಣ ಬೆವರು. ಆದರೆ ಆ ಸಾಲಿನಲ್ಲಿರುವವರೆಲ್ಲರೂ ಬೆವರುತ್ತಿರುವಾಗ ಅವನ ಬೆವರನ್ನು ಬೇರೆಯಾಗಿ ಗುರುತಿಸುವವರಾರು? ಕೈ ನಡುಗಿ ಕುಡುಗೋಲು ಜಾರಿದ ಮೇಲೆಯೋ, ಮಾತು ತಡವರಿಸಿದ ಮೇಲೆಯೋ ಅಕ್ಕಪಕ್ಕದವರಿಗೆ ಅರಿವಾಗುವುದು. ಇಂಥವನ ಮುಂಗೈಗೆ ಕಟ್ಟಿದ ಒಂದು ಯಂತ್ರವು, ಯಾವ ಸೂಜಿಯ ಹಂಗೂ ಇಲ್ಲದೆ, ಸಕ್ಕರೆ ಇಳಿಯುತ್ತಿರುವುದನ್ನು ಗುರುತಿಸಿ ಹತ್ತು ನಿಮಿಷ ಮೊದಲೇ ಗಂಟೆ ಬಾರಿಸುವಂತಾದರೆ, ಅದು ಅವನ ಪಾಲಿಗೆ ವಿಲಾಸದ ವಸ್ತುವಲ್ಲ, ಪ್ರಾಣರಕ್ಷಕ. ಸೂಜಿರಹಿತ ಮಾಪನದ ಆಸೆಯನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುವುದು ಈ ಕಾರಣಕ್ಕಾಗಿ.

ಆ ಆಸೆಗೆ ನಮ್ಮ ರಾಜ್ಯದಲ್ಲಿಯೇ ಒಂದು ಆಧಾರವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯ ಪ್ರಕಾಶರ ತಂಡವು 2025ರಲ್ಲಿ ಪ್ರಕಟಿಸಿದ ಸಂಶೋಧನೆಯ ಕ್ರಮ ಬಹು ರಮ್ಯವಾದುದು. ಲೇಸರ್ ಕಿರಣವು ಚರ್ಮದೊಳಕ್ಕೆ ಹೊಕ್ಕಾಗ ಅಲ್ಲಿಯ ಅಂಗಾಂಶವು ಒಂದು ಡಿಗ್ರಿಗೂ ಕಡಿಮೆ ಪ್ರಮಾಣದಲ್ಲಿ ಬೆಚ್ಚಗಾಗಿ, ಹಿಗ್ಗಿ ಕುಗ್ಗಿ, ನಮ್ಮ ಕಿವಿಗೆ ನಿಲುಕದ ಸೂಕ್ಷ್ಮ ಶಬ್ದತರಂಗಗಳನ್ನು ಹೊಮ್ಮಿಸುತ್ತದೆ. ಕಿರಣವು ಧ್ರುವೀಕೃತವಾಗಿದ್ದರೆ, ಗ್ಲೂಕೋಸಿನ ಅಣುವು ತನ್ನ ವಿಶಿಷ್ಟ ರಚನೆಯಿಂದ ಅದರ ಕಂಪನದ ದಿಕ್ಕನ್ನು ಹೊರಳಿಸುವುದರಿಂದ, ಶಬ್ದದ ಬಲವೂ ಅದಕ್ಕೆ ತಕ್ಕಂತೆ ವ್ಯತ್ಯಾಸ ಹೊಂದುತ್ತದೆ. ಅಂದರೆ ಬೆಳಕನ್ನು ಕಳುಹಿಸಿ ಸಕ್ಕರೆಯನ್ನು ಕೇಳಿ ತಿಳಿಯುವ ಉಪಾಯ. ಆದರೆ ಮನುಷ್ಯರ ಮೇಲೆ ಆಗಿರುವ ಪ್ರಯೋಗ ಎಷ್ಟೆಂದರೆ, ಆರೋಗ್ಯವಂತನಾದ ಒಬ್ಬನೇ ವ್ಯಕ್ತಿಯ ಸಕ್ಕರೆಯನ್ನು ಮೂರು ದಿನ ಊಟಕ್ಕೆ ಮುಂಚೆಯೂ ಅನಂತರವೂ ಅಳೆದು ನೋಡಿದ್ದು. ಲೇಸರ್ ಉಪಕರಣವೋ ಇನ್ನೂ ದೊಡ್ಡದು, ದುಬಾರಿ. ಸಂಶೋಧಕರು ಇದನ್ನು ಮರೆಮಾಚಿಲ್ಲವೆಂಬುದು ಅವರಿಗೆ ಗೌರವ ತರುವ ಸಂಗತಿ.

ಇಷ್ಟು ಕಷ್ಟವೇಕೆಂದರೆ, ಐದು ಲೀಟರು ರಕ್ತದಲ್ಲಿ ಒಂದು ಚಹದ ಚಮಚದಷ್ಟು ಸಕ್ಕರೆ ಮಾತ್ರ ಇರುವುದು. ಅದರಲ್ಲಿ ಆಗುವ ಅಲ್ಪಸ್ವಲ್ಪ ಏರಿಳಿತವನ್ನು ನೀರು, ಕೊಬ್ಬು, ಪ್ರೋಟೀನುಗಳ ಸಂತೆಯಲ್ಲಿ ತೊಗಲಿನ ಹೊರಗೆ ನಿಂತು ಗುರುತಿಸಬೇಕು. ಇರುವೆಗಳೂ ದುಂಬಿಗಳೂ ರೋಗಿಯ ಶರೀರಕ್ಕೆ, ಮೂತ್ರಕ್ಕೆ ಮುತ್ತುವುದನ್ನು ಪ್ರಮೇಹದ ಮುನ್ಸೂಚನೆಯೆಂದು ಚರಕಸಂಹಿತೆ ಹೇಳಿದ್ದ ಕಾಲದಿಂದ, ಸ್ಪಿರಿಟ್ ದೀಪದ ಮೇಲೆ ಬೆನೆಡಿಕ್ಟನ ನೀಲಿ ದ್ರವದೊಡನೆ ಮೂತ್ರವನ್ನು ಕಾಯಿಸಿ ಹಸಿರು, ಹಳದಿ, ಇಟ್ಟಿಗೆಗೆಂಪು ಬಣ್ಣಗಳನ್ನು ಓದುತ್ತಿದ್ದ ನಮ್ಮ ಹಿರಿಯ ವೈದ್ಯರ ಕಾಲದವರೆಗೂ, ದೇಹವನ್ನು ಗಾಯಗೊಳಿಸದೆ ಸಕ್ಕರೆಯನ್ನು ತಿಳಿಯುವ ಮಾರ್ಗಗಳಿದ್ದವು. ಆದರೆ ಅವು ತಿಳಿಸುತ್ತಿದ್ದುದು ಕಳೆದುಹೋದ ಗಳಿಗೆಯ ಸುದ್ದಿಯನ್ನು. 2001ರಲ್ಲಿ ಅಮೆರಿಕದ ಸರ್ಕಾರವು ಗ್ಲೂಕೋವಾಚ್ ಎಂಬ ಕೈಗಡಿಯಾರಕ್ಕೆ ಅನುಮತಿ ಕೊಟ್ಟಿತ್ತು. ಸಣ್ಣ ವಿದ್ಯುತ್ತಿನಿಂದ ಚರ್ಮದ ದ್ರವವನ್ನು ಸೆಳೆದು ಅಳೆಯುತ್ತಿದ್ದ ಆ ಯಂತ್ರವು ಚರ್ಮವನ್ನು ಕೆರಳಿಸಿತು, ಅದನ್ನು ಹೊಂದಿಸುವುದಕ್ಕೆ ಬೆರಳನ್ನು ಚುಚ್ಚಲೇಬೇಕಾಗಿತ್ತು, ಮೈ ಬೆವತಾಗ ಅದು ಅಳತೆಯನ್ನೇ ಬಿಟ್ಟುಬಿಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು. ಬೆವರು ಬಂದಾಗಲೇ ಕೈಬಿಡುವ ಯಂತ್ರವು ಕಬ್ಬಿನ ಪಡದಲ್ಲಿ ಏತಕ್ಕೆ ಬಂದೀತು?

ಇಂದು ಮೊಬೈಲಿನ ಅಂಗಡಿಗಳಲ್ಲಿ ಒಂದೆರಡು ಸಾವಿರ ರೂಪಾಯಿಗೆ ದೊರೆಯುವ, ಸೂಜಿಯಿಲ್ಲದೆಯೇ ಶುಗರ್ ತೋರಿಸುತ್ತೇವೆಂದು ಸಾರುವ ಗಡಿಯಾರ, ಉಂಗುರಗಳ ವಿಷಯವಂತೂ ಇನ್ನೂ ಘೋರವಾದುದು. ಇಂಥ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು, ಇವುಗಳನ್ನು ನಂಬಿ ಔಷಧದ ಪ್ರಮಾಣವನ್ನು ಬದಲಿಸಿದರೆ ಪ್ರಾಣಾಪಾಯವಾದೀತೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಫೆಬ್ರುವರಿಯಲ್ಲಿ ಎಚ್ಚರಿಸಿದೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ದುಡಿಯುವ ಮಗನು ಊರಿನ ತಾಯಿಗೆ ಪ್ರೀತಿಯಿಂದ ಕಳುಹಿಸುವ ಉಡುಗೊರೆ ಇದಾಗಬಾರದು. ತಾಯಿಯು ಗಡಿಯಾರದಲ್ಲಿ 120 ಎಂದು ಕಂಡು ನಿಶ್ಚಿಂತಳಾಗಿರುವಾಗ ರಕ್ತದಲ್ಲಿ 350 ಇದ್ದರೆ, ಕೂಳೆ ಚುಚ್ಚಿದ್ದೂ ತಿಳಿಯದಂತೆ ಮರಗಟ್ಟಿದ ಆಕೆಯ ಪಾದದಲ್ಲಿ ಹುಣ್ಣು ಬೆಳೆಯುತ್ತಲೇ ಹೋಗುತ್ತದೆ. ಗೋಕಾಕದ ಒಂದೊಂದು ಔಷಧದ ಅಂಗಡಿಯ ಮುಂದೆಯೂ ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಹಾಕಿಸುವುದಕ್ಕೆ ಆರೋಗ್ಯ ಇಲಾಖೆಗೆ ಹೆಚ್ಚು ಹಣವೇನೂ ಬೇಕಾಗದು.

ನಿಜವಾದ ಯಂತ್ರವು ಒಂದು ದಿನ ಬಂದೇ ಬರುವುದೆಂದು ನಂಬಿರುವವರಲ್ಲಿ ನಾನೂ ಒಬ್ಬ. ಆದಕಾರಣವೇ ಅದನ್ನು ಯಾರ ಮೈಮೇಲೆ ಪರೀಕ್ಷಿಸುತ್ತಾರೆಂಬುದನ್ನು ಈಗಲೇ ಕೇಳಬೇಕು. ಬೆರಳಿಗೆ ಸಿಕ್ಕಿಸಿ ಬೆಳಕಿನಿಂದ ಆಮ್ಲಜನಕವನ್ನಳೆಯುವ ಪಲ್ಸ್ ಆಕ್ಸಿಮೀಟರನ್ನು ಕೊರೋನಾ ಕಾಲದಲ್ಲಿ ಮನೆಮನೆಯವರೂ ಕಂಡರು. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಿ, ಅಪಾಯವನ್ನು ಮುಚ್ಚಿಡುತ್ತದೆಂಬುದು 2020ರಲ್ಲಿ ಅಮೆರಿಕದ ವೈದ್ಯರ ಅಧ್ಯಯನದಿಂದ ಸ್ಪಷ್ಟವಾಯಿತು. ಬೆಳಕಿನಿಂದಲೇ ಸಕ್ಕರೆಯನ್ನಳೆಯಹೊರಟವರು ಈ ಪಾಠವನ್ನು ಮರೆಯಲಾಗದು. ತಂಪುಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗಳ ಮುಂಗೈಯಲ್ಲಿ ಸರಿಯಾಗಿ ನಡೆದ ಯಂತ್ರವು, ಬಿಸಿಲಿಗೆ ಕಂದಿದ, ಕಬ್ಬಿನ ಸುಂಕು ಹತ್ತಿದ, ದಡ್ಡುಗಟ್ಟಿದ, ಧೂಳು ಬೆವರುಗಳಿಂದ ತೊಯ್ದ ಕೈಯ ಮೇಲೂ ಸರಿಯಾಗಿ ನಡೆಯುವುದೆಂದು ಮೊದಲು ರುಜುವಾತಾಗಬೇಕು. ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಘಟಪ್ರಭೆಯಲ್ಲಿ ಹಳೆಯದಾದ ಆರೋಗ್ಯಧಾಮವಿದೆ. ಬೆಂಗಳೂರಿನ ಸಂಶೋಧಕರು ಇಂಥ ಸಂಸ್ಥೆಗಳ ಜೊತೆಗೂಡಿ, ಒಪ್ಪಿ ಬಂದ ಕೂಲಿಕಾರರಿಗೆ ಪರೀಕ್ಷೆಯ ದಿನದ ಕೂಲಿಯನ್ನು ಕೊಟ್ಟು, ಏಪ್ರಿಲಿನ ಬಿಸಿಲಿನಲ್ಲಿಯೇ ಪ್ರಯೋಗವನ್ನು ನಡೆಸಬೇಕು.

ಅಲ್ಲಿಯವರೆಗೆ ಸುಮ್ಮನಿರತಕ್ಕುದಲ್ಲ. 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ ಮರುವರ್ಷ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯು 30 ವರ್ಷ ದಾಟಿದವರ ಮನೆಬಾಗಿಲಿಗೇ ಹೋಗಿ ರೋಗವನ್ನು ಪತ್ತೆ ಮಾಡುತ್ತಿರುವುದು ಸ್ತುತ್ಯ. ಆದರೆ ನಿನಗೆ ಶುಗರ್ ಇದೆಯೆಂದು ಒಮ್ಮೆ ಹೇಳಿ ಹೋಗುವುದು ಬೇರೆ, ಅದು ಹೇಗಿದೆಯೆಂದು ರೋಗಿಯು ತಾನೇ ಆಗಾಗ ನೋಡಿಕೊಳ್ಳುವಂತೆ ಮಾಡುವುದು ಬೇರೆ. ಒಂದೊಂದು ಪರೀಕ್ಷಾಪಟ್ಟಿಗೆ ಹದಿನೈದು ಇಪ್ಪತ್ತು ರೂಪಾಯಿ ತೆರಬೇಕಾದ ಕೂಲಿಯವನು ವಾರಕ್ಕೊಮ್ಮೆಯೂ ಪರೀಕ್ಷಿಸಿಕೊಳ್ಳನು. ಆ ಪಟ್ಟಿಗಳು ಗುಳಿಗೆಯೊಡನೆಯೇ ಉಪಕೇಂದ್ರದಲ್ಲಿ ಪುಕ್ಕಟೆಯಾಗಿ ಸಿಗಬೇಕು.

ಎಲ್ಲಕ್ಕಿಂತ ಮೊದಲು ಲಕ್ಷ್ಯ ಸಲ್ಲಬೇಕಾದವರು ಹುಟ್ಟಿದ ಕೆಲವೇ ವರ್ಷಗಳಲ್ಲಿ ಇನ್ಸುಲಿನ್ನಿಗೆ ಅಧೀನರಾದ ಮಕ್ಕಳು. ಫ್ರಿಜ್ಜಿಲ್ಲದ ಮನೆಯಲ್ಲಿ ಇನ್ಸುಲಿನ್ನಿನ ಸೀಸೆಯನ್ನು ಒದ್ದೆ ಮಣ್ಣಿನ ಗಡಿಗೆಯಲ್ಲಿ ತಂಪಾಗಿರಿಸಿಕೊಂಡು, ನಿದ್ದೆಯಲ್ಲಿ ಮಗುವಿನ ಸಕ್ಕರೆ ಇಳಿದೀತೆಂಬ ಭಯದಿಂದ ನಡುರಾತ್ರಿಯಲ್ಲಿ ಎದ್ದು ಅದರ ಬೆರಳನ್ನು ಚುಚ್ಚುವ ತಾಯಿಗೆ, ಬರಲಿರುವ ಯಂತ್ರದ ಭರವಸೆ ಸಾಲದು. ಕೂದಲಿನಷ್ಟು ತೆಳ್ಳಗಿನ ಎಳೆಯನ್ನು ಚರ್ಮದಡಿಯಲ್ಲಿಟ್ಟು ಎರಡು ವಾರ ತೋಳಿಗೆ ಅಂಟಿಕೊಂಡಿರುವ ಬಿಲ್ಲೆಯು ಇಂದೇ ಲಭ್ಯವಿದೆ. ಅದರಲ್ಲಿ ಒಂದು ಚುಚ್ಚು ಉಂಟಾದರೂ ದಿನದ ನಾಲ್ಕೈದು ಚುಚ್ಚುಗಳು ತಪ್ಪುತ್ತವೆ, ಸಕ್ಕರೆ ಇಳಿದರೆ ಫೋನು ಕೂಗಿ ಎಬ್ಬಿಸುತ್ತದೆ. ಬೆಲೆ ಮಾತ್ರ ಒಂದಕ್ಕೆ ನಾಲ್ಕೈದು ಸಾವಿರ ರೂಪಾಯಿ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಇಂಥ ಮಕ್ಕಳು ಎಷ್ಟು ಮಂದಿ ಇರುವರೆಂಬುದನ್ನು ಶಾಲೆ, ಅಂಗನವಾಡಿಗಳ ಮೂಲಕ ಲೆಕ್ಕ ಹಾಕಿ, ಆ ಬಿಲ್ಲೆಯ ಖರ್ಚನ್ನು ರಾಜ್ಯ ಸರ್ಕಾರವು ಬರುವ ಮುಂಗಡಪತ್ರದಲ್ಲಿಯೇ ವಹಿಸಿಕೊಳ್ಳಬೇಕು. ಸಕ್ಕರೆ ಕಾರ್ಖಾನೆಗಳೂ ತಮ್ಮ ಸಾಮಾಜಿಕ ನಿಧಿಯ ಒಂದು ಪಾಲನ್ನು ಇದಕ್ಕೆಂದು ತೆಗೆದಿರಿಸಬೇಕು.